ಭಾನುವಾರದ ಉತ್ತರಗಳು

"ಪಿ ವ್ಯಾಲ್ಯೂ ಸೊನ್ನೆ ಪಾಯಿಂಟ್ ಸೊನ್ನೆ ಸೊನ್ನೆ ಮೂರು! ಇನ್ನೇನಮ್ಮ ಬೇಕು ನಿನಗೆ?" ಕಂಪ್ಯೂಟರಿನ ಪರದೆಯನ್ನು ರಂಜಿತಳ ಕಡೆ ತಿರುಗಿಸಿ ಸುಮಧ್ವ ಸರ್ ನಕ್ಕರು. ಕೋಲಾರದಲ್ಲಿ ಅವರ ಮಾರ್ಗದರ್ಶನದಲ್ಲಿ ಪಿಎಚ್.ಡಿ. ಮಾಡುತ್ತಿದ್ದ ರಂಜಿತ, ಸಂಬಳ ತರುವ ಹೆಂಗಸಿನ ಮಾತಿಗೆ ಮನೆಯಲ್ಲಿ ಬೆಲೆ ಹೆಚ್ಚು ಎಂಬ ಪ್ರಾಕ್ಕಲ್ಪನೆ ಇಟ್ಟುಕೊಂಡು ವೇಮಗಲ್ ಸುತ್ತಿನ ಹಳ್ಳಿಗಳನ್ನೆಲ್ಲ ಅಲೆದಿದ್ದಳು. ಫ್ಯಾಕ್ಟರಿಗೆ ಹೋಗುವವರದು ಒಂದು ಗುಂಪು, ಮನೆಯಲ್ಲೇ ಇರುವವರದು ಇನ್ನೊಂದು. ಎಲ್ಲರಿಗೂ ಅವೇ ಪ್ರಶ್ನೆಗಳು: ಮಗಳನ್ನು ಎಲ್ಲಿಯವರೆಗೆ ಓದಿಸಬೇಕು, ತವರಿಗೆ ಯಾವಾಗ ಹೋಗಬೇಕು, ಇದನ್ನೆಲ್ಲ ನಿಮ್ಮ ಮನೆಯಲ್ಲಿ ತೀರ್ಮಾನಿಸುವವರು ಯಾರು? "ನಾನೇ" ಎಂದವರು ಫ್ಯಾಕ್ಟರಿಯ ಗುಂಪಿನಲ್ಲೇ ಬಹಳ. ಇಷ್ಟು ದೊಡ್ಡ ವ್ಯತ್ಯಾಸ ಸುಮ್ಮನೆ ಆಕಸ್ಮಿಕವಾಗಿ ಕಾಣಿಸಿಕೊಳ್ಳುವುದು ತೀರ ಅಪರೂಪ ಎನ್ನುತ್ತಿತ್ತು ಲೆಕ್ಕ.

"ಕೊನೇ ಅಧ್ಯಾಯಕ್ಕೆ ಒಬ್ಬ ಹೆಂಗಸಿನ ಬದುಕನ್ನ ವಿವರವಾಗಿ ಬರೆದುಬಿಡು. ಎಲ್ಲ ಪ್ರಶ್ನೆಗೂ 'ನಾನೇ' ಅಂದಿರೋರು ಯಾರಾದ್ರೂ ಇದ್ದೇ ಇರ್ತಾರೆ ನೋಡು" ಎಂದರು ಸರ್. ಹಾಗೆ ಅಂದಿದ್ದವಳು ಗಂಗಾಲಕ್ಷ್ಮಿ. ಮರುದಿನ ಸಂಜೆ ಶಿಫ್ಟ್ ಬಿಡುವ ಹೊತ್ತಿಗೆ ರಂಜಿತ ಫ್ಯಾಕ್ಟರಿಯ ಗೇಟಿನ ಬಳಿ ಕಾದು ನಿಂತಳು.

"ನಿಮ್ಮ ಮನೇಲಿ ಎಲ್ಲಾ ನೀವೇ ತೀರ್ಮಾನ ಮಾಡೋದು ಅಂದಿದ್ರಲ್ಲ, ಅದನ್ನ ಸ್ವಲ್ಪ ಬಿಡಿಸಿ ಹೇಳ್ತೀರಾ?"

ಗಂಗಾಲಕ್ಷ್ಮಿ ನಡೆಯುತ್ತಿದ್ದವಳು ನಿಂತಳು. "ನಾನೆಲ್ಲಿ ಅಂದೆ ಮೇಡಂ? ನಮ್ಮೆಜಮಾನ್ರು ಅಂದಿದ್ದು. 'ನಮ್ಮನೇಲಿ ಎಲ್ಲಾ ಇವಳದೇ ದರ್ಬಾರು, ಬರ್ಕೊಳ್ಳಿ' ಅಂತ ನಗಾಡಿದ್ರು. ನಾನು ತಲೆ ಆಡಿಸ್ದೆ, ನೀವು ಬರ್ಕೊಂಡ್ರಿ."

"ಹಂಗಲ್ಲ ಅಂತ ಹೇಳ್ಬಹುದಿತ್ತಲ್ಲ?"

"ನೀವು ಎದ್ದು ಹೋಗ್ತೀರ. ಆಮೇಲೆ ಆ ಮನೇಲಿ ಇರ್ಬೇಕಾದೋಳು ನಾನಲ್ವಾ?" ದೂರದಲ್ಲಿ ಬಸ್ಸು ಕಂಡಿತು. ಗಂಗಾಲಕ್ಷ್ಮಿ ದನಿ ತಗ್ಗಿಸಿದಳು. "ಈ ತಿಂಗಳಿಗೆ ಕೆಲಸ ಬಿಡ್ತಾ ಇದೀನಿ. ಲೈನ್ ಲೀಡರ್ ಮಾಡ್ತೀವಿ ಅಂದ್ರು ಇಲ್ಲಿ. ಗಂಡಸ್ರ ಮೇಲೆಲ್ಲ ಹುಕುಂ ಮಾಡೋ ಕೆಲಸ ಬ್ಯಾಡ, ಮನೇಲಿ ಬಿದ್ದಿರು ಅಂದ್ಬಿಟ್ರು ನಮ್ಮೋರು."

"ನಿಮಗೆ ಬಿಡೋಕೆ ಇಷ್ಟ ಇದ್ಯಾ?"

"ಇದನ್ನ ಅವತ್ತು ಕೇಳ್ಲೇ ಇಲ್ವಲ್ಲ ನೀವು" ಎಂದವಳೇ ಬಸ್ಸು ಹತ್ತಿದಳು.

ಕೋಲಾರಕ್ಕೆ ಮರಳುವ ದಾರಿಯಲ್ಲಿ ರಂಜಿತ ತಾನು ಮನೆಮನೆಗೆ ಹೋಗಿದ್ದ ದಿನಗಳನ್ನು ಒಂದೊಂದಾಗಿ ನೆನಪಿಸಿಕೊಂಡಳು. ಫ್ಯಾಕ್ಟರಿಯ ಹೆಂಗಸರು ಮನೆಯಲ್ಲಿ ಸಿಗುತ್ತಿದ್ದುದೇ ಭಾನುವಾರ. ಭಾನುವಾರ ಗಂಡಂದಿರೂ ಜಗುಲಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದರು, ಹೆಂಡತಿಗಿಂತ ಮೊದಲೇ 'ಎಲ್ಲಾ ಇವಳದೇ' ಎಂದು ತಾವೇ ಉತ್ತರ ಕೊಡುತ್ತಿದ್ದರು. ಮನೆಯಲ್ಲಿರುವ ಹೆಂಗಸರನ್ನು ಅವಳು ಮಾತಾಡಿಸಿದ್ದು ವಾರದ ನಡುವೆ; ಆಗ ಗಂಡಸರು ಟೊಮ್ಯಾಟೊ ತೋಟದಲ್ಲೋ ಹಿಪ್ಪುನೇರಳೆ ತೋಟದಲ್ಲೋ ಇರುತ್ತಿದ್ದರು. ಹಾಗಾದರೆ ಇಷ್ಟು ದಿನ ತಾನು ಅಳೆದದ್ದು ಸಂಬಳದ ಬಲವನ್ನೋ, ಜಗುಲಿಯಲ್ಲಿ ಕೂತಿದ್ದವರ ಬಲವನ್ನೋ?

"ಕೈಗೆ ಬಂದಿರೋ ರಿಸಲ್ಟನ್ನ ಯಾರಾದ್ರೂ ಕೆಡಿಸ್ಕೋತಾರೇನಮ್ಮ?" ಸುಮಧ್ವ ಸರ್ ಸಿಡಿಮಿಡಿಗೊಂಡರು. "ಸೆಮಿನಾರಿಗೆ ಪೇಪರ್ ಕಳಿಸಿಯಾಗಿದೆ. ಇನ್ನೊಂದ್ಸಲ ಮೊದಲಿಂದ ಕೇಳ್ತಾ ಹೋದ್ರೆ ಈ ವರ್ಷವೂ ಹೋಯ್ತು."

"ಹೋದ್ರೆ ಹೋಗ್ಲಿ ಸರ್. ಆ ಪೇಪರ್ ಓದಿದೋರು, ಈ ಹೆಂಗಸ್ರಿಗೆ ಇನ್ನೇನೂ ತೊಂದ್ರೆ ಇಲ್ಲ ಅಂದ್ಕೋತಾರೆ."

ಸರ್ ಒಂದು ವಾರ ಅವಳೊಡನೆ ಮುಖ ಕೊಟ್ಟು ಮಾತನಾಡಲಿಲ್ಲ. ಆಮೇಲೆ ತಾವೇ ಫ್ಯಾಕ್ಟರಿಗೆ ಫೋನ್ ಮಾಡಿ, ಊಟದ ಬಿಡುವಿನಲ್ಲಿ ಹೆಂಗಸರನ್ನು ಮಾತನಾಡಿಸಲು ಕ್ಯಾಂಟೀನಿನ ಪಕ್ಕದ ಕೋಣೆ ಕೊಡಿಸಿದರು. ರಂಜಿತ ಎರಡೂ ಗುಂಪಿನವರನ್ನು ಒಬ್ಬೊಬ್ಬರನ್ನಾಗಿ, ಬೇರೆ ಯಾರೂ ಇಲ್ಲದ ಕಡೆ ಕೂರಿಸಿಕೊಂಡು ಅವೇ ಪ್ರಶ್ನೆಗಳನ್ನು ಕೇಳಿದಳು. ಕೆಲವರು ಹಿಂದಿನ ಉತ್ತರವನ್ನೇ ಹೇಳಿದರು. ಕೆಲವರು ಬಾಗಿಲು ಹಾಕಿದೆಯೇ ಎಂದು ತಿರುಗಿ ನೋಡಿ ಬೇರೆ ಉತ್ತರ ಹೇಳಿದರು. ಒಬ್ಬಾಕೆ ಬಹಳ ಹೊತ್ತು ಅತ್ತು, ಮುಖ ತೊಳೆದುಕೊಂಡು ಕೆಲಸಕ್ಕೆ ಹೋದಳು.

ಈ ಸಲ ಪಿ ವ್ಯಾಲ್ಯೂ ಸೊನ್ನೆ ಪಾಯಿಂಟ್ ನಾಲ್ಕು ಒಂದು. ಎರಡು ಗುಂಪುಗಳ ನಡುವೆ ಉಳಿದಿದ್ದ ಪುಟ್ಟ ಅಂತರ ಆಕಸ್ಮಿಕವೂ ಆಗಿರಬಹುದಿತ್ತು. ಸಂಬಳದಿಂದ ಏನೂ ವ್ಯತ್ಯಾಸವಿಲ್ಲ ಎಂದು ಅವಳು ಬರೆದಿದ್ದ ಸಾಲನ್ನು ಸರ್ ಹೊಡೆದುಹಾಕಿದರು. "ಇಲ್ಲ ಅಂತ ಬರೀಬೇಡ. ನಮಗೆ ಕಾಣಿಸ್ಲಿಲ್ಲ ಅಂತ ಬರಿ. ಅದೂ ಇದೂ ಒಂದೇ ಅಲ್ಲ" ಎಂದರು. ಮೊದಲ ಸಲದ ಅಂಕಿಗಳನ್ನೂ, ಅವು ಹೇಗೆ ಬಂದವೆಂಬುದನ್ನೂ ಮುಚ್ಚಿಡದೆ ಸೇರಿಸಲು ಹೇಳಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ.

ಬಸ್ಸಿನ ಬಳಿ ಗಂಗಾಲಕ್ಷ್ಮಿ ಆಡಿದ ಮಾತುಗಳನ್ನು ಹೆಸರಿಲ್ಲದೆ ಕೊನೆಯ ಅಧ್ಯಾಯದಲ್ಲಿ ಬಳಸಬೇಕೆಂದು ರಂಜಿತಳಿಗೆ ಆಸೆ. ಆಕೆಯ ಒಪ್ಪಿಗೆ ಕೇಳಲೆಂದು ಫೋನ್ ಮಾಡಿದಳು. ಎತ್ತಿದ್ದು ಗಂಡ ಕದಿರೇಶ.

"ಓ, ಕಾಲೇಜ್ ಮೇಡಮ್ಮಾ! ಅವಳು ಒಳಗವ್ಳೆ. ಕೆಲಸ ಬಿಟ್ಟ ಮೇಲೆ ಫೋನು ನನ್ ಹತ್ರಾನೇ ಇರ್ತೈತೆ" ಎಂದ ಅವನು ಬಲು ವಿಶ್ವಾಸದಿಂದ. "ಅದೇನ್ ಕೇಳ್ಬೇಕೋ ಕೇಳಿ ಮೇಡಂ, ನಾನೇ ಹೇಳ್ತೀನಿ."