ಮೂರನೆಯ ಕೂಗು

"ಇಲ್ಲೇ ನಿಂತಿರ್ಲಾ, ಅಲ್ಲಾಡ್ಬ್ಯಾಡ. ಒಂದಕ್ಕೆ ಹೋಗಿ ಬತ್ತೀನಿ" ಎಂದು ಮುನಿಕೃಷ್ಣಪ್ಪ ಮರಗಳ ಹಿಂದಕ್ಕೆ ಹೋಗಿದ್ದೇ ತಡ, ಎಲ್ಲಿತ್ತೋ ಏನೋ ಆ ಮಂಜು, ಬಂದು ದಾರಿ, ಮರ, ಬೆಂಚು ಎಲ್ಲವನ್ನೂ ಮುಚ್ಚಿಬಿಟ್ಟಿತು. ಸಂಜೆ ಐದಕ್ಕೇ ಕತ್ತಲು. ತಿಮ್ಮರಾಯಪ್ಪನಿಗೆ ತನ್ನ ಬೂಟೇ ಕಾಣುತ್ತಿರಲಿಲ್ಲ.

ಅದು ಮಿಲಾನ್ ನಗರದ ನಟ್ಟನಡುವೆ, ಹಳೇ ಕೋಟೆಯ ಬೆನ್ನಿಗಿರುವ ಸೆಂಪಿಯೋನೆ ಉದ್ಯಾನ. ಎಂಬತ್ತಮೂರರ ನವೆಂಬರ್. ಹೊಸೂರಿನ ಕಾರ್ಖಾನೆಗೆ ಬರಲಿದ್ದ ಹೊಸ ಮೆಷಿನ್ನಿನ ಕೆಲಸ ಕಲಿಯಲೆಂದು ಕಂಪನಿ ಅವರಿಬ್ಬರನ್ನೂ ಕಳಿಸಿತ್ತು. ಭಾನುವಾರದ ರಜೆಗೆ, "ನಮ್ ಜವಳಗಿರಿಯಿಂದ ಇಲ್ಲಿಗಂಟ ಬಂದೋರು ಇನ್ಯಾರವ್ರೆ? ಕೋಟೆ ಮುಂದೆ ಒಂದು ಫೋಟೋ ತೆಗೆಸ್ಕಳಾನ ನಡಿ" ಎಂದು ಮುನಿಕೃಷ್ಣಪ್ಪನೇ ಎಳೆದು ತಂದಿದ್ದ. ಇಬ್ಬರದೂ ಒಂದೇ ಊರು, ಪಕ್ಕದ ಬೀದಿ. ರಾಗಿ ಹೊಲಕ್ಕೆ ಆನೆ ನುಗ್ಗಿದಾಗ ಊರೆಲ್ಲ ಅಟ್ಟ ಹತ್ತಿದ್ದರೆ, ತಗಡು ಬಡಿದುಕೊಂಡು ಎದುರು ನಿಂತ ಗಂಡು ಈ ಮುನಿಕೃಷ್ಣಪ್ಪ. "ನೀನು ಎಲ್ಲಾನ ಉದುರಿಸ್ಕಂತೀಯ, ಇತ್ತ ಕೊಡು" ಎಂದು ಎರಡೂ ಪಾಸ್‌ಪೋರ್ಟು, ದುಡ್ಡು, ಉಳಿದುಕೊಂಡಿದ್ದ ಹಾಸ್ಟೆಲಿನ ವಿಳಾಸದ ಚೀಟಿ ಎಲ್ಲವನ್ನೂ ತನ್ನ ಕೋಟಿನೊಳಗೆ ಇಟ್ಟುಕೊಂಡವನೂ ಅವನೇ. ಹಾಸ್ಟೆಲಿದ್ದ ಊರಿನ ಹೆಸರು ತಿಮ್ಮರಾಯಪ್ಪನ ಬಾಯಿಗೆ ಇನ್ನೂ ಹತ್ತಿರಲಿಲ್ಲ. ಅಲ್ಲಿಗೆ ಹೋಗುವ ಕಡೇ ಬಸ್ಸು ಆರು ಗಂಟೆಗೆ, ಕೋಟೆಯ ಮುಂದಿನಿಂದ.

ಹೋದವನು ಬರಲಿಲ್ಲ. ಕೂಗೋಣವೆಂದರೆ, "ಇದು ಜವಳಗಿರಿ ಕಾಡಲ್ಲ, ಹಂಗೆಲ್ಲ ಕಿರುಚ್ಬ್ಯಾಡ" ಎಂದು ಬೆಳಿಗ್ಗೆ ತಾನೇ ಅವನಿಂದ ಬೈಸಿಕೊಂಡಾಗಿತ್ತು. ನಾಯಿ ಹಿಡಿದುಕೊಂಡು ಒಬ್ಬ ಮುದುಕಿ ಹಾದುಹೋದಳು. ತಿಮ್ಮರಾಯಪ್ಪ "ಬಸ್ಸು, ಬಸ್ಸು" ಎಂದ. ಅವಳು ಕೈ ಆಡಿಸಿ ಏನೇನೋ ಹೇಳಿ, ನಕ್ಕು, ಮಂಜಿನೊಳಗೆ ಹೊರಟುಹೋದಳು. ಹೊಸೂರು ಬಸ್ ಸ್ಟ್ಯಾಂಡಿನಲ್ಲಿ ಕನ್ನಡ, ತಮಿಳು, ತೆಲುಗು ಮೂರರಲ್ಲೂ ಜಗಳವಾಡಿ ಗೆದ್ದು ಬರುತ್ತಿದ್ದ ಬಾಯಿ ಇಲ್ಲಿ ಮೂರು ಕಾಸಿಗೂ ಬೇಡವಾಗಿತ್ತು.

ಆಗ ಕೇಳಿಸಿತು. "ತಿಮ್ರಾಯೋ..."

ಅಯ್ಯಪ್ಪ, ಸಿಕ್ಕಿದ! 'ಓ' ಎನ್ನಲು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡ. ಅಜ್ಜಿ ದೊಡ್ಡಮುನಿಯಮ್ಮ ಕೆನ್ನೆ ಹಿಂಡಿ ಕಲಿಸಿದ್ದು ನೆನಪಾಯಿತು: ಕತ್ತಲಲ್ಲಿ ಯಾರು ಕೂಗಿದರೂ ಮೊದಲ ಕೂಗಿಗೆ ಓ ಅನ್ನಬಾರದು, ಎರಡನೆಯದಕ್ಕೂ ಅನ್ನಬಾರದು. ಅದು ನಮ್ಮವರ ದನಿಯಲ್ಲೇ ಕೂಗುತ್ತದೆ, ಆದರೆ ಮೂರನೇ ಸಲ ಕೂಗುವುದಿಲ್ಲ. ಪಕ್ಕದ ಮನೆಯ ಪಿಳ್ಳಮ್ಮ ಮೊದಲ ಕೂಗಿಗೇ ಓಗೊಟ್ಟು ಹಿತ್ತಲಿಗೆ ಹೋದವಳು ಜ್ವರ ಹಿಡಿದು ಮತ್ತೆ ಏಳಲಿಲ್ಲ. ಇಟಲಿಯಲ್ಲಿ ಜವಳಗಿರಿಯ ದೆವ್ವ ಎಲ್ಲಿಂದ ಬರಬೇಕು ಎಂದು ಬುದ್ಧಿ ಹೇಳಿತು. ಹಾಗಾದರೆ ಈ ಊರಲ್ಲಿ ನಿನ್ನ ಹೆಸರು ಯಾರಿಗೆ ಗೊತ್ತು ಎಂದು ಭಯ ಕೇಳಿತು.

"ತಿಮ್ರಾಯೋ..." ಈ ಸಲ ಇನ್ನೂ ಹತ್ತಿರದಿಂದ. ದನಿ ಯಾಕೋ ಒಡೆದಿತ್ತು, ಮುನಿಕೃಷ್ಣಪ್ಪನ ದನಿಯಂತೆಯೇ ಇರಲಿಲ್ಲ. ತಿಮ್ಮರಾಯಪ್ಪ ತುಟಿ ಕಚ್ಚಿ ನಿಂತ. ಇನ್ನೊಂದು ಸಲ ಕೂಗಪ್ಪ, ನಿನ್ನ ದಮ್ಮಯ್ಯ, ಇನ್ನೊಂದೇ ಒಂದು ಸಲ ಎಂದು ಮನಸ್ಸಿನಲ್ಲೇ ಬೇಡಿಕೊಂಡ. ಎಲೆಗಳಿಂದ ನೀರು ತೊಟ್ಟಿಕ್ಕುವುದು ಕೇಳಿಸಿತು. ಎಲ್ಲೋ ದೂರದಲ್ಲಿ ಚರ್ಚಿನ ಗಂಟೆ ಹೊಡೆಯಿತು. ಮೂರನೆಯ ಕೂಗು ಬರಲೇ ಇಲ್ಲ.

ಅಜ್ಜಿ ಹೇಳಿದ್ದು ನಿಜವಾದರೆ ಅಲ್ಲಿ ನಿಂತಿರುವುದು ದೆವ್ವ. ಸುಳ್ಳಾದರೆ ಮುನಿಕೃಷ್ಣಣ್ಣ ತನ್ನನ್ನು ಬಿಟ್ಟು ಹೋಗುತ್ತಿದ್ದಾನೆ, ಅವನ ಜೊತೆಗೆ ಪಾಸ್‌ಪೋರ್ಟೂ ಬಸ್ಸೂ ಹೋಗುತ್ತಿವೆ. ಯಾವುದು ಹೆಚ್ಚು ಭಯ? ಬೆಂಚು ಹತ್ತಿ ನಿಂತು, ಆದದ್ದಾಗಲಿ ಎಂದು ತಿಮ್ಮರಾಯಪ್ಪನೇ ಕೂಗಿದ.

"ಮುನಿಕೃಷ್ಣಣ್ಣೋ!"

ಉತ್ತರವಿಲ್ಲ. ಮತ್ತೆ ಕೂಗಿದ. ಆಗಲೂ ಇಲ್ಲ. ಅಷ್ಟರಲ್ಲಿ ತಲೆಗೆ ಹೊಳೆಯಿತು, ಅವನೂ ನಮ್ಮೂರವನೇ ಅಲ್ಲವೇ! ಗಂಟಲು ಹರಿಯುವ ಹಾಗೆ ಮೂರನೇ ಸಲ ಕೂಗಿದ.

"ಓ!" ಎಂದಿತು ದನಿ. ದೂರದಿಂದಲ್ಲ, ಬೆಂಚಿನ ಹಿಂದಿನ ಮರದ ಆಚೆ ಬದಿಯಿಂದಲೇ.

ಇಬ್ಬರೂ ಕೈ ಹಿಡಿದುಕೊಂಡು ಓಡಿದರು. ಹಾದಿ ಎರಡು ಸಲ ತಪ್ಪಿದರೂ ಕೋಟೆಯ ದೀಪ ಕಂಡಿತು, ಬಸ್ಸೂ ಸಿಕ್ಕಿತು. ಸೀಟಿನಲ್ಲಿ ಕೂತು ಉಸಿರು ಸುಧಾರಿಸಿಕೊಂಡ ಮೇಲೆ ತಿಮ್ಮರಾಯಪ್ಪನಿಗೆ ಕೋಪ ಬಂತು.

"ಅಲ್ಲಣ್ಣ, ಎರಡು ಸಲ ಕೂಗ್ದೋನು ಇನ್ನೊಂದು ಸಲ ಕೂಗಕ್ಕೆ ನಿಂಗೇನಾಗಿತ್ತು? ನಿಮ್ಮನೇಲಿ ಯೋಳ್ಕೊಟ್ಟಿಲ್ವಾ?"

ಮುನಿಕೃಷ್ಣಪ್ಪ ಕಿಟಕಿಯ ಕಡೆಗೆ ತಿರುಗಿಕೊಂಡು ಕೋಟಿನ ತೋಳಿನಿಂದ ಮುಖ ಒರೆಸಿಕೊಂಡ. "ಕೂಗ್ದೆ ಕಣ್ಲಾ. ಬಾಯೇನೋ ತೆಗ್ದೆ. ಅಳು ಒತ್ತರಿಸ್ಕಂಡು ಬಂದು, ದನೀನೇ ಹೊರಡ್ಲಿಲ್ಲ."

ದೆವ್ವ ಮೂರನೇ ಸಲ ಕೂಗುವುದಿಲ್ಲ ಎಂದು ಅಜ್ಜಿ ಹೇಳಿದ್ದಳು. ಕೆಲವು ಸಲ ಮನುಷ್ಯನಿಗೂ ಮೂರನೇ ಸಲ ಕೂಗಲು ಆಗುವುದಿಲ್ಲ ಎಂದು ಹೇಳಿರಲಿಲ್ಲ.