ಸೂಲಗಿತ್ತಿಯ ಕೈಗೆ ಬಂದೂಕು

ತೆರೆಯ ಮೇಲೆ ಸೂಲಗಿತ್ತಿ ಬಂದೂಕು ಎತ್ತಿ ಮೂವರು ಸೈನಿಕರನ್ನು ಉರುಳಿಸಿದ ಕೂಡಲೇ ಡ್ರೈವರಮ್ಮ ಸೀಟಿನಿಂದ ಎದ್ದು ನಿಂತರು. ಇಡೀ ಚಿತ್ರಮಂದಿರ ಚಪ್ಪಾಳೆ ತಟ್ಟುತ್ತಿತ್ತು. ಹಿಂದಿನ ಸಾಲಿನವನೊಬ್ಬ, "ಕೂತ್ಕೊಳ್ಳಿ ಅಮ್ಮ, ಕಾಣಿಸ್ತಿಲ್ಲ" ಎಂದ. ಪಕ್ಕದಲ್ಲಿದ್ದ ಸೊಸೆ ಕೈ ಹಿಡಿದು ಜಗ್ಗಿದಳು. "ಅತ್ತೆ, ದಮ್ಮಯ್ಯ, ಕೂತ್ಕೊಳ್ಳಿ. ಕೊನೇಲಿ ನನ್ನ ಹೆಸರು ಬರತ್ತೆ."

ಆ ಹೆಸರಿಗಾಗಿ ಡ್ರೈವರಮ್ಮ ಕೂತರು. ಸೊಸೆ ಸಂಕಲನಕಾರನ ಕೈಕೆಳಗೆ ಕೆಲಸ ಮಾಡುವವಳು. ತೆರೆಯ ಮೇಲೆ ಅವಳ ಹೆಸರು ಬರುತ್ತಿರುವುದು ಇದೇ ಮೊದಲು. ಬಂತು, ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಹೋಯಿತು. ಡ್ರೈವರಮ್ಮ ಅದನ್ನು ನೋಡಿ ತಲೆಯಾಡಿಸಿದರು. ಮತ್ತೆ ಮುಖ ಬಿಗಿದುಕೊಂಡು ಹೊರಗೆ ನಡೆದರು.

ನಗರದ ಬಸ್ಸು ಓಡಿಸುವ ಹೆಂಗಸು ಅವರು. ಕ್ಲಚ್ಚು ತುಳಿದು ತುಳಿದು ಎಡ ಮೊಣಕಾಲು ಸವೆದಿದೆ. ಪಾಳಿ ಮುಗಿಸಿ ಬಂದವರೇ ಕಂಪ್ಯೂಟರಿನ ಮುಂದೆ ಕೂರುತ್ತಾರೆ. ಅದರ ಬಿಡಿಭಾಗಗಳನ್ನೆಲ್ಲ ತಾವೇ ಆರಿಸಿ ತಂದು ಜೋಡಿಸಿದ್ದು. ಎಷ್ಟೋ ಆಟ ಆಡಿದ್ದಾರೆ, ಆದರೆ ಮನಸ್ಸು ನಿಂತದ್ದು ಈ ಒಂದರ ಮೇಲೆ. ಯುದ್ಧ ನಡೆಯುತ್ತಿರುವಾಗ, ಬೆಟ್ಟದಾಚೆ ನೋವು ತಿನ್ನುತ್ತಿರುವ ಒಬ್ಬ ಬಸುರಿಯ ಹತ್ತಿರ ಮುದಿ ಸೂಲಗಿತ್ತಿಯೊಬ್ಬಳು ನಡೆದು ಹೋಗಬೇಕು, ಅಷ್ಟೇ ಆಟ. ಅವಳಿಗೆ ಓಡಲು ಆಗುವುದಿಲ್ಲ. ಏರು ಬಂದಲ್ಲಿ ಕಲ್ಲಿನ ಮೇಲೆ ಕೂತು ದಣಿವಾರಿಸಿಕೊಳ್ಳುತ್ತಾಳೆ. ಹೆಗಲಿಗೊಂದು ಚೀಲ. ಆಯುಧ ಅಂತ ಏನೂ ಇಲ್ಲ.

ಅದೇ ಆಟವನ್ನು ಇಟ್ಟುಕೊಂಡು ಮಾಡಿದ ಈ ಸಿನಿಮಾದಲ್ಲಿ ಅವಳಿಗೆ ಇಪ್ಪತ್ತೈದು ವಯಸ್ಸು.

"ಮುದುಕಿ ಎಲ್ಲೇ?" ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂರುತ್ತ ಡ್ರೈವರಮ್ಮ ಕೇಳಿದರು.

"ನಾಯಕಿ ಅಂದ್ಮೇಲೆ ಸ್ವಲ್ಪ ಚಿಕ್ಕವಳು ಬೇಕಲ್ಲ ಅತ್ತೆ. ಆಟ ಬೇರೆ, ಸಿನಿಮಾ ಬೇರೆ."

"ವಯಸ್ಸು ಹಾಳಾಗಿ ಹೋಗ್ಲಿ. ಮಗು ಹಿಡಿಯೋ ಕೈಗೆ ಬಂದೂಕು ಯಾಕೆ ಕೊಟ್ರಿ? ಆಟಗಳನ್ನ ಮೊದಲೇ ಕೆಡಿಸಿಟ್ಟಿದ್ದಾರೆ. ಅರೆಬರೆ ಮಾಡಿ ಮಾರ್ತಾರೆ, ಆಮೇಲೆ ತಿಂಗಳು ತಿಂಗಳು ತೇಪೆ ಹಾಕ್ತಾರೆ. ನಮ್ಮನೇಲಿ ನಾನೊಬ್ಬಳೇ ಕೂತು ಆಡೋಕೂ ಇಂಟರ್‌ನೆಟ್ಟಲ್ಲಿ ಅವರ ಅಪ್ಪಣೆ ಕೇಳ್ಬೇಕು. ಒಂದು ಆಟ ಓಡಿದ್ರೆ ಸಾಕು, ಎಲ್ಲರೂ ಅದನ್ನೇ ಬಣ್ಣ ಬದಲಾಯಿಸಿ ತರ್ತಾರೆ. ಇದೊಂದು ಹೇಗೋ ಯಾರ ಕಣ್ಣಿಗೂ ಬೀಳದೆ ಉಳ್ಕೊಂಡಿತ್ತು. ಇದನ್ನೂ ಬಿಡ್ಲಿಲ್ಲವಲ್ಲ ನೀವು."

'ನೀವು' ಎಂದದ್ದು ಸೊಸೆಗೆ ನಾಟಿತು. ಕೈಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡಳು.

"ಮುದುಕಿ ಇದ್ಲು ಅತ್ತೆ. ಈ ಹುಡುಗಿಯ ಅಜ್ಜಿ ಅಂತ ಮಾಡಿದ್ರು. ಏರಿನಲ್ಲಿ ಕಲ್ಲಿನ ಮೇಲೆ ಕೂತು ಸುಧಾರಿಸಿಕೊಳ್ಳೋ ದೃಶ್ಯ ಒಂದಿತ್ತು. ತುಂಬಾ ಚೆನ್ನಾಗಿತ್ತು. ಅಷ್ಟು ಹೊತ್ತು ಏನೂ ಆಗದೇ ಇದ್ರೆ ಜನ ಫೋನ್ ತೆಗೀತಾರೆ, ಕತ್ತರಿಸು ಅಂದ್ರು. ಕತ್ತರಿಸಿದೆ."

"ನೀನೇ?"

"ನಾನೇ. ನಾನು ಒಲ್ಲೆ ಅಂದಿದ್ರೆ ಇನ್ನೊಬ್ಬರು ಕತ್ತರಿಸ್ತಿದ್ರು. ನನ್ನ ಹೆಸರು ಬರ್ತಿರ್ಲಿಲ್ಲ, ಅಷ್ಟೇ."

ಬಂದ ಬಸ್ಸಿನ ಚಾಲಕ ಗುರುತು ಹಿಡಿದು ಕೈ ಎತ್ತಿದ್ದನ್ನೂ ಡ್ರೈವರಮ್ಮ ಗಮನಿಸಲಿಲ್ಲ. ಒಂದೇ ಸೀಟಿನಲ್ಲಿ ಅತ್ತೆ ಸೊಸೆ ಬೇರೆ ಬೇರೆ ಕಡೆ ನೋಡುತ್ತ ಮನೆಯವರೆಗೂ ಬಂದರು.

"ನಮ್ಮ ಮುದುಕೀನ ಒಂದ್ಸಲ ನೋಡ್ಬೇಕು" ಎನ್ನುತ್ತ ಡ್ರೈವರಮ್ಮ ಕಾಲು ಕೂಡ ತೊಳೆಯದೆ ಕಂಪ್ಯೂಟರ್ ಹಾಕಿದರು. ಆಟ ತೆರೆದುಕೊಳ್ಳಲಿಲ್ಲ, ತನ್ನಷ್ಟಕ್ಕೆ ತಾನೇ ಏನನ್ನೋ ಇಳಿಸಿಕೊಳ್ಳತೊಡಗಿತು. ಸಿನಿಮಾ ಬಿಡುಗಡೆಯ ಸಂಭ್ರಮಕ್ಕೆ ಹೊಸ ರೂಪ ಎಂಬ ಸಾಲು ಬಂತು. ಕೊನೆಗೆ ಬೆಟ್ಟದ ಬುಡ ಕಾಣಿಸಿದಾಗ ಅಲ್ಲಿ ನಿಂತಿದ್ದವಳು ಸಿನಿಮಾದ ಹುಡುಗಿ. ಚೀಲವಿದ್ದ ಹೆಗಲಿಗೆ ಬಂದೂಕು ಬಂದಿತ್ತು. ಕೀಲಿ ಒತ್ತಿದ್ದೇ ತಡ, ನೆಗೆದುಕೊಂಡು ಏರು ಹತ್ತಿದಳು. ಎಲ್ಲೂ ಕೂರಲಿಲ್ಲ.

"ನನ್ನ ಕಂಪ್ಯೂಟರು, ನಾನು ಕೊಂಡ ಆಟ. ಒಂದು ಮಾತು ಕೇಳಿದ್ರೇನೇ ನನ್ನ?" ಡ್ರೈವರಮ್ಮ ಸೊಸೆಯತ್ತ ತಿರುಗಿದರು. "ನಾವು ಮನೇಲಿಲ್ಲದಾಗ ಬೀಗ ತೆಗೆದು ಒಳಗೆ ಬಂದು, ಮನೆಯವರನ್ನೇ ಬದಲಾಯಿಸಿ ಹೋದ ಹಾಗಾಯ್ತಲ್ಲ."

ಸೊಸೆ ಬಾಗಿಲಲ್ಲೇ ನಿಂತಿದ್ದಳು.

ಆಟದಲ್ಲಿ ಹೊಳೆಯ ಸೇತುವೆ ಬಂತು. ಅದರ ಮೇಲೆ ಮೀಸೆ ಕೂಡ ಸರಿಯಾಗಿ ಮೂಡದ ಒಬ್ಬ ಸೈನಿಕ. ಹಳೆಯ ಆಟದಲ್ಲಿ ಇಲ್ಲಿ ಮುದುಕಿ ಸುಮ್ಮನೆ ನಿಲ್ಲುತ್ತಿದ್ದಳು. ಅವನು ಗದರುತ್ತಿದ್ದ, ಗುರಿ ಹಿಡಿಯುತ್ತಿದ್ದ, ಆಮೇಲೆ ಅವಳ ಚೀಲ ನೋಡಿ ಏನು ಅನಿಸುತ್ತಿತ್ತೋ, ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದ. ಈಗ ಕೆಳಗೆ ಕೆಂಪಕ್ಷರ ಮಿನುಗಿತು: ಗುಂಡು ಹಾರಿಸಲು ಒತ್ತಿ.

ಡ್ರೈವರಮ್ಮ ಎರಡೂ ಕೈ ತೆಗೆದು ಮಡಿಲಲ್ಲಿಟ್ಟುಕೊಂಡರು.

"ಒತ್ತದಿದ್ರೆ ಮುಂದೆ ಹೋಗಲ್ಲ ಅತ್ತೆ," ಎಂದಳು ಸೊಸೆ ಮೆಲ್ಲಗೆ. "ಆಚೆ ಅವಳು ನೋವು ತಿಂತಾ ಕಾಯ್ತಿದ್ದಾಳೆ."

"ಗೊತ್ತು ಕಣೆ. ಇವನನ್ನೂ ಯಾವಳೋ ಸೂಲಗಿತ್ತಿನೇ ಕೈಯಲ್ಲಿ ಹಿಡಿದಿರ್ತಾಳೆ."

ಸೊಸೆ ಕುರ್ಚಿಯೊಂದನ್ನು ಎಳೆದುಕೊಂಡು ಪಕ್ಕದಲ್ಲಿ ಕೂತಳು. ಅವಳ ಕೈ ಮೌಸಿನವರೆಗೆ ಹೋಯಿತು, ಒತ್ತದೆ ವಾಪಸು ಬಂತು. ಕೆಂಪಕ್ಷರ ಅವಸರಪಡಿಸುತ್ತಲೇ ಇತ್ತು. ಸೇತುವೆಯ ಮೇಲೆ ಆ ಹುಡುಗಿ, ಈ ಹುಡುಗ, ಬಂದೂಕು ಹಿಡಿದು ಎದುರುಬದುರು ನಿಂತೇ ಇದ್ದರು, ಯಾರೂ ಸಾಯದೆ.