ನೀಲಿ ಬಳೆ

ಚಟ ಹತ್ತಿದ ಹೆಂಗಸಿನ ಕೈಬಳೆ ತಾನಾಗಿಯೇ ಬಣ್ಣ ತಿರುಗುತ್ತಿದ್ದ ಕಾಲ. ಕಡ್ಡಿಪುಡಿಗೆ ಕಂದು, ನಿದ್ದೆಗುಳಿಗೆಗೆ ನೀಲಿ. ಹೆಣ್ಣು ನೋಡಲು ಬಂದವರು ಹಾಡು ಹೇಳಿಸುವುದು ಬಿಟ್ಟು ಮೊದಲು ಕೈ ನೋಡುತ್ತಿದ್ದರು.

ತೇಜಾವತಿ ನೀಲಿ ಬಳೆಯ ಕೈ ಚಾಚಿದಳು. ಈ ಸಂಬಂಧವೂ ತಪ್ಪಿತೆಂದು ಅವಳವ್ವನ ಕಣ್ಣು ತುಂಬಿತು.

"ರಾತ್ರಿಪಾಳಿ ಕೆಲಸ ಅತ್ತೆ, ಗುಳಿಗೆ ಇಲ್ದೆ ಹಗಲು ನಿದ್ದೆ ಬರಲ್ಲ."

"ನಮ್ಮದು ಮರ್ಯಾದಸ್ಥರ ಮನೆ ಕಣವ್ವ," ಎಂದು ವರನ ತಾಯಿ ಪುಟ್ಟಲಿಂಗಮ್ಮ ದಡಬಡ ಎದ್ದಳು. ಸೆರಗು ಜಾರಿ, ಮುಚ್ಚಿಟ್ಟಿದ್ದ ಕಂದು ಬಳೆಗಳು ಘಲ್ಲೆಂದವು.

"ಹಲ್ಲುನೋವಿಗೆ ಹಾಕ್ಕೊಳ್ಳೋದು ಕಣೇ!"

"ಇರಲಿ ಬಿಡಿ. ನಿಮ್ಮ ಮಗನ ಕೈನೂ ನೋಡೋಣ್ವಾ?"

"ಗಂಡಸಿಗೆಂಥ ಬಳೆ!"

ತೇಜಾವತಿ ತನ್ನದೊಂದು ಬಳೆ ತೆಗೆದು ವರನ ಮುಂಗೈಗೆ ಮುಟ್ಟಿಸಿದಳು. ಯಾವ ಬಣ್ಣಕ್ಕೆ ತಿರುಗಬೇಕೋ ತೋಚದೆ ಅದು ಚೂರುಚೂರಾಯಿತು.

ಅವ್ವ ಕಣ್ಣೊರೆಸಿಕೊಂಡು ಪೊರಕೆ ತಂದಳು.